ಮೂರು ಸಲ ಬೀಗ ಕಂಡ ಮನೆ

ಮೊನ್ನೆ ಕರೆಂಟ್ ಬಿಲ್ಲಿಗಾಗಿ ಮನೆಯೆಲ್ಲ ತಡಕಾಡಿದೆ. ಕೊನೆಗೆ ತರಕಾರಿ ಬುಟ್ಟಿಯ ತಳದಲ್ಲಿ ಸಿಕ್ಕಿತು. ಕನ್ನಡಕ ಎಲ್ಲಿಟ್ಟಿದ್ದೆನೋ ತಿಳಿಯದೆ ಬಿಲ್ಲನ್ನು ಮುಖದ ಹತ್ತಿರ ತಂದಾಗ, ಕಾಗದಕ್ಕೆ ಹತ್ತಿದ್ದ ಹಸಿ ಈರುಳ್ಳಿಯ ವಾಸನೆ ಮೂಗಿಗೆ ಬಡಿಯಿತು. ಬಿಲ್ಲು ಕೈಯಲ್ಲೇ ಉಳಿಯಿತು. ಪಕ್ಕದ ಮನೆಯ ಟೀಚರಮ್ಮ ನೆನಪಾದರು...

ಟೀಚರಮ್ಮ ಅಂದರೆ ನಮ್ಮ ಮಾರೇನಹಳ್ಳಿಯ ಬೀದಿಯ ಅಂಗನವಾಡಿ ಟೀಚರು. ಮಕ್ಕಳಿಗೆ ಹಾಡು ಕಲಿಸುವುದು, ಬಸುರಿಯರಿಗೆ ಮೊಟ್ಟೆ ಕೊಡುವುದು, ಇಷ್ಟರ ಮೇಲೆ ಚುನಾವಣೆ ಬಂತೆಂದರೆ ಮತದಾರರ ಪಟ್ಟಿಯ ಕೆಲಸವೂ ಅವರ ತಲೆಗೇ. ಯಾರು ಇದ್ದಾರೆ, ಯಾರು ಮನೆ ಬಿಟ್ಟರು, ಯಾರು ತೀರಿಕೊಂಡರು ಎಂದು ಮನೆಮನೆಗೆ ಹೋಗಿ ಬರೆದುಕೊಳ್ಳಬೇಕು. ಯುಗಾದಿಗೆ ಇನ್ನೂ ಎಷ್ಟೋ ದಿನವಿರುವಾಗಲೇ ಆ ವರ್ಷ ಬಿಸಿಲು ಶುರುವಾಗಿತ್ತು. ಬೋರ್‌ವೆಲ್ ಬತ್ತಿತ್ತು. ದಿನ ಬಿಟ್ಟು ದಿನ ಸ್ನಾನ. ರಾತ್ರಿ ಊಟದ ಹೊತ್ತಿಗೂ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಟ್ಯಾಂಕರ್ ಮುಂದೆ ಬಿಂದಿಗೆ ಹಿಡಿದು ನಿಂತವರಿಗೆಲ್ಲ ಒಂದೇ ಚಿಂತೆ: ಎಲೆಕ್ಷನ್ ಮುಗಿಯುವವರೆಗೆ ಹೇಗೋ ನೀರು ಬರುತ್ತದೆ, ಆಮೇಲೆ?

ಹಿಂದಿನ ವಠಾರದಲ್ಲಿ ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದಿದ್ದ ಹೆಂಗಸೊಬ್ಬಳಿದ್ದಳು. ಬಿಸಿಲಲ್ಲಿ ಹೊರಟರೆ ಚೀಲದಲ್ಲಿ ಒಂದು ಉಳ್ಳಾಗಡ್ಡಿ ಇಟ್ಟುಕೊಳ್ಳಿ, ಬಿಸಿಲು ಬಡಿಯುವುದಿಲ್ಲ ಎಂದು ಅವಳು ಹೇಳಿಕೊಟ್ಟಿದ್ದಳಂತೆ. ಅಂದಿನಿಂದ ಟೀಚರಮ್ಮನ ಬಟ್ಟೆಚೀಲದಲ್ಲಿ ಅರ್ಜಿಗಳ ನಡುವೆ ಒಂದು ಈರುಳ್ಳಿ ಖಾಯಂ. ಅವರು ಕೊಟ್ಟ ಕಾಗದಕ್ಕೆಲ್ಲ ಅದೇ ವಾಸನೆ. ಜೀಪಿನಲ್ಲಿ ಬಾವುಟ ಕಟ್ಟಿಕೊಂಡು ಓಡಾಡುತ್ತಿದ್ದ ಪಕ್ಷದವರು ಒಮ್ಮೆ ಅವರನ್ನು ಕೆಣಕಿದರು.

"ಏನ್ ಟೀಚರಮ್ಮ, ವೋಟಿಗೆ ಈರುಳ್ಳಿ ಹಂಚ್ತಾ ಇದೀರಾ?"

"ನಿಮ್ಮ ಲೀಡರ್ ಭಾಷಣಕ್ಕಿಂತ ವಾಸಿ ಕಣ್ರಪ್ಪ, ಸಾರಿಗಾದ್ರೂ ಆಗತ್ತೆ" ಅಂದು ಟೀಚರಮ್ಮ ಮುಂದಿನ ಮನೆಯ ಬಾಗಿಲು ತಟ್ಟಿದ್ದರು.

ನಮ್ಮ ಎದುರು ಕಟ್ಟಡದ ತಾರಸಿ ಮೇಲೆ ಒಂದು ಶೀಟಿನ ಮನೆ ಇದೆ. ಅಲ್ಲಿ ಒಬ್ಬ ಅಜ್ಜಿ ಒಬ್ಬರೇ ಇದ್ದರು. ಕೈ ನಡುಗಲು ಶುರುವಾಗುವವರೆಗೆ ಊದುಬತ್ತಿ ಹೊಸೆದು ಬದುಕಿದವರು. ಟೀಚರಮ್ಮ ಮೂರು ಸಲ ಆ ಮೆಟ್ಟಿಲು ಹತ್ತಿದರು, ಮೂರು ಸಲವೂ ಬೀಗ. ಮೂರನೆಯ ಸಲ ಇಳಿದು ಬಂದಾಗ ಅವರ ಮುಖ ಕೆಂಪಗೆ ಕಾದಿತ್ತು. ನಾನು ಗೇಟಿನ ನೆರಳಲ್ಲಿ ಮಜ್ಜಿಗೆ ಲೋಟ ಹಿಡಿದು ನಿಂತಿದ್ದೆ. ಅಜ್ಜಿ ಎಲ್ಲಿ ಎಂದು ಕೇಳಿದರು.

"ಮಗಳ ಮನೆಗೆ ಹೋಗಿರ್ಬೇಕು, ಕುಣಿಗಲ್‌ಗೆ. ಇನ್ನೆಲ್ಲಿ ವಾಪಸ್ ಬರ್ತಾರೆ ಟೀಚರಮ್ಮ, ಆ ಶೀಟಿನಡಿ ಮನುಷ್ಯರು ಇರೋಕಾಗತ್ತಾ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಬದಲು ಬಾಯಿಗೆ ಬಂದದ್ದನ್ನು ಹೇಳಿದೆ. ಅವರು ನನ್ನ ಮಾತು ನಂಬಿ, ಗೇಟಿನ ಕಂಬದ ಮೇಲೆ ಕಾಗದ ಇಟ್ಟು, ಮನೆ ಬಿಟ್ಟಿದ್ದಾರೆ ಎಂದು ಬರೆದುಕೊಂಡರು.

ಹದಿನೈದು ದಿನವಾಗಿರಬಹುದು. ಒಂದು ಸಂಜೆ ಅಜ್ಜಿ ನೀರಿನ ಬಾಟಲಿ, ಮಡಿಸಿದ ಚೀಲ ಹಿಡಿದು ನಿಧಾನವಾಗಿ ಬರುತ್ತಿದ್ದರು. ಯಾವಾಗ ಬಂದಿರಿ ಊರಿಂದ ಎಂದು ಕೇಳಿದೆ. ಯಾವ ಊರು ಎಂದು ಅವರು ನನ್ನನ್ನೇ ಕೇಳಿದರು. ಶೀಟು ಕಾಯುವ ಮುಂಚೆ, ಬೆಳಗ್ಗೆ ಒಂಬತ್ತಕ್ಕೇ ಬೀಗ ಹಾಕಿ, ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ನಿನ ಕೆಳಗೆ ಹೋಗಿ ಕೂರುತ್ತಿದ್ದರಂತೆ. ಅಲ್ಲಿ ಮೆಟ್ಟಿಲ ಪಕ್ಕ ಗಾಳಿ ಚೆನ್ನಾಗಿ ಬರುತ್ತದಂತೆ. ಹೊತ್ತು ಇಳಿದ ಮೇಲೆ ಮನೆಗೆ. ಎಲ್ಲಿಗೂ ಹೋಗಿರಲೇ ಇಲ್ಲ.

ಆಗಲೇ ಓಡಿಹೋಗಿ ಟೀಚರಮ್ಮನಿಗೆ ಹೇಳಬೇಕಿತ್ತು. ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದು ಗೋಡೆ. ನಾಳೆ ಹೇಳೋಣ ಅಂದುಕೊಂಡೆ. ನಾಳೆಯೂ ಅದೇ ಬಿಸಿಲು, ಅದೇ ಆಯಾಸ... ಮೂರು ದಿನ ಹಾಗೇ ಹೋಯಿತು. ನಾಲ್ಕನೇ ದಿನ ಮಧ್ಯಾಹ್ನ ಹೇಳಿದಾಗ ಅವರು ಬಡಿಸಿಕೊಂಡ ತಟ್ಟೆ ಬಿಟ್ಟು ಎದ್ದರು. ಅಜ್ಜಿಯ ಹೆಸರು ಆಗಲೇ ಪಟ್ಟಿಯಿಂದ ಹೋಗಿತ್ತು, ಮತ್ತೆ ಸೇರಿಸಲು ಅಂದೇ ಕೊನೆಯ ದಿನ.

ಅವರನ್ನು ಸ್ಕೂಟರ್ ಮೇಲೆ ಕೂರಿಸಿಕೊಂಡು ಅತ್ತಿಗುಪ್ಪೆಗೆ ಹೋದೆ. ಹೇಳಿದ ಜಾಗದಲ್ಲೇ ಅಜ್ಜಿ ಕಾಲು ಚಾಚಿ ಕೂತಿದ್ದರು. ಸುದ್ದಿ ಕೇಳಿ ಕೋಪ ಮಾಡಿಕೊಳ್ಳಲಿಲ್ಲ, ಹೆದರಿದರು.

"ರೇಷನ್ ಕಾರ್ಡು ಮಗಳ ಹತ್ರ. ಮನೆ ಅಗ್ರಿಮೆಂಟು ಅಳಿಯನ ಹೆಸರಲ್ಲಿ. ನಂದು ಅಂತ ಹೆಸರಿರೋದು ಅದೊಂದೇ ಪಟ್ಟೀಲಿ ಕಣಮ್ಮ. ಅದನ್ನೂ ತೆಗೆದುಬಿಟ್ರಾ?"

ಟೀಚರಮ್ಮ ಅರ್ಜಿ ತುಂಬಿದರು. ಅಜ್ಜಿ ಅಕ್ಷರ ಅಕ್ಷರವಾಗಿ ಸಹಿ ಹಾಕಿದರು. ಅದನ್ನು ಕೊಡಲು ನಾವು ಚುನಾವಣೆ ಆಫೀಸಿಗೆ ಹೊರಡುವಾಗ ಪಶ್ಚಿಮದ ಕಡೆ ಆಕಾಶ ಕಪ್ಪಾಗಿತ್ತು. ಅರ್ಧ ದಾರಿಯಲ್ಲಿ ಧೂಳು ಎದ್ದಿತು, ಹಿಂದೆಯೇ ಆಲಿಕಲ್ಲು. ಒಂದು ದೊಡ್ಡ ಮರ ತಂತಿಗಳನ್ನು ಎಳೆದುಕೊಂಡು ರಸ್ತೆಗೆ ಅಡ್ಡ ಬಿದ್ದಿತ್ತು. ಆಟೋಗಳು, ಬಸ್ಸು, ಎಲ್ಲ ಅಲ್ಲೇ ನಿಂತವು. ಸ್ಕೂಟರ್ ಬಿಟ್ಟು ನಡೆದೆವು. ಟೀಚರಮ್ಮ ಚೀಲವನ್ನು ಸೆರಗಿನಡಿ ಮಗುವಿನ ಹಾಗೆ ಅಪ್ಪಿಕೊಂಡಿದ್ದರು. ಮೊಣಕಾಲುದ್ದ ನೀರಿನಲ್ಲಿ ಚಪ್ಪಲಿ ಕಿತ್ತುಹೋಯಿತು. ಅದನ್ನೂ ಬಿಟ್ಟು ನಡೆದರು. ನಾವು ತಲುಪಿದಾಗ ಆಫೀಸಿನಲ್ಲಿ ಕರೆಂಟಿಲ್ಲ, ಕಂಪ್ಯೂಟರ್ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಬೀಗ ಹಾಕುತ್ತಿದ್ದ ಗುಮಾಸ್ತರು ಕೆಟ್ಟವರೇನಲ್ಲ. ಹೊತ್ತು ಮೀರಿತು, ಅರ್ಜಿ ತಗೋತೀನಿ, ಆದರೆ ಈ ಎಲೆಕ್ಷನ್ನಿಗೆ ಹೆಸರು ಬರುವುದಿಲ್ಲ ಎಂದರು.

ವಾಪಸ್ ಬರುವಾಗ ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ ಟೀಚರಮ್ಮ ಕುಸಿದು ಕೂತರು. ಸೀರೆಯ ಅಂಚು ಹಿಂಡುತ್ತಾ, "ಮೂರು ದಿನ ಮುಂಚೆ..." ಅಂದರು. ಅಷ್ಟೇ. ಮುಂದಕ್ಕೆ ಹೇಳಲಿಲ್ಲ. ಅಂದಲ್ಲ, ಯಾವತ್ತೂ ಹೇಳಲಿಲ್ಲ.

ಮತದಾನದ ಹಿಂದಿನ ದಿನ ಅವರೇ ಮೆಟ್ಟಿಲು ಹತ್ತಿಹೋಗಿ ಅಜ್ಜಿಗೆ ವಿಷಯ ತಿಳಿಸಿದ್ದರು. ಆದರೂ ಬೆಳಗ್ಗೆ ಏಳಕ್ಕೆಲ್ಲ ಅಜ್ಜಿ ಜರಿಯಂಚಿನ ಸೀರೆ ಉಟ್ಟು ಶಾಲೆಯ ಮುಂದೆ ಬಂದು ನಿಂತರು. ಶಾಮಿಯಾನದ ಕೆಳಗೆ ಟೀಚರಮ್ಮ ಪಟ್ಟಿ ಹಿಡಿದು ಕೂತಿದ್ದರು. ಇನ್ನೊಂದು ಸಲ ನೋಡಮ್ಮ ಎಂದು ಅಜ್ಜಿ ಕೇಳಿದರು. ಟೀಚರಮ್ಮ ನೋಡಿದರು, ಗೊತ್ತಿದ್ದೂ ಪುಟವೆಲ್ಲ ಬೆರಳಾಡಿಸಿ ನೋಡಿದರು. ಅಲ್ಲೇ ಇದ್ದ ಏಜೆಂಟನೊಬ್ಬ, ಬದುಕಿರೋರನ್ನೇ ತೆಗೆದುಬಿಡ್ತಾರೆ ಇವರು ಎಂದು ಎಲ್ಲರಿಗೂ ಕೇಳುವ ಹಾಗೆ ಹಂಗಿಸಿದ. ಸಾಲು ಪೂರ್ತಿ ಆ ಕಡೆ ತಿರುಗಿತು.

ಟೀಚರಮ್ಮ ಎದ್ದು ನಿಂತರು.

"ತಪ್ಪು ನಂದೇ ಅಜ್ಜಿ. ಮೂರು ಸಲ ಬಂದಿದ್ದೆ. ನಾಲ್ಕನೇ ಸಲ ಬರ್ಬೇಕಿತ್ತು."

ಆ ಸಾಲಿನಲ್ಲಿ ಐದಾರು ಜನರ ಹಿಂದೆ ನಾನಿದ್ದೆ. ಟೀಚರಮ್ಮ ನನ್ನ ಕಡೆ ಒಮ್ಮೆ ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದರು. ನಾನು ಚೀಟಿ ನೋಡಿಕೊಳ್ಳುವವನಂತೆ ತಲೆ ತಗ್ಗಿಸಿದೆ. ಅಜ್ಜಿ, "ಇಲ್ಲೇ ಕೂತಿರ್ತೀನಿ ಬಿಡು, ಮನೇಲಿ ಶೀಟು ಕಾಯೋಕೆ ಶುರುವಾಗತ್ತೆ" ಎಂದು ಶಾಲೆಯ ಜಗಲಿಯಲ್ಲಿ ಕೂತರು. ನಾನು ಅವರ ಮುಂದೆಯೇ ಹೋಗಿ, ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದೆ.

ಟೀಚರಮ್ಮನಿಗೆ ಮೇಲಿನವರಿಂದ ನೋಟಿಸು ಬಂತು. ಅದಕ್ಕೆ ಉತ್ತರ ಬರೆಯುವಾಗಲೂ ನನ್ನ ಹೆಸರು ಎತ್ತಲಿಲ್ಲವೆಂದು ಅವರ ಮಗಳಿಂದ ತಿಳಿಯಿತು. ಚುನಾವಣೆ ಮುಗಿದ ಮೇಲೆ ಮೂರು ಸಲ ಆಫೀಸಿಗೆ ಅಲೆದು ಅಜ್ಜಿಯ ಹೆಸರನ್ನು ಪಟ್ಟಿಗೆ ಮತ್ತೆ ಸೇರಿಸಿದರು. ನನ್ನ ಜೊತೆ ಮಾತು ಬಿಡಲಿಲ್ಲ, ಹಬ್ಬಕ್ಕೆ ಒಬ್ಬಟ್ಟು ಕಳಿಸುವುದನ್ನೂ ಬಿಡಲಿಲ್ಲ. ಬಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತೋ ಏನೋ... ತಪ್ಪು ನನ್ನದೆಂದು ಅವರಿಗೆ ಹೇಳಬೇಕು, ಹೇಳಬೇಕು ಅಂದುಕೊಂಡೇ ಇದ್ದೆ. ಹೋದ ಮಾಘದಲ್ಲಿ ಅವರು ತೀರಿಕೊಂಡರು. ಎದೆನೋವು ಅಂದರಂತೆ, ಆಸ್ಪತ್ರೆ ತಲುಪಲಿಲ್ಲ.

ಈ ಬೇಸಿಗೆಯೂ ಬಂದು ಕೂತಿದೆ. ಮತ್ತೆ ಯಾವುದೋ ಎಲೆಕ್ಷನ್ ಎನ್ನುತ್ತಿದ್ದಾರೆ. ಬಿಲ್ಲು ಸಿಕ್ಕ ಮಾರನೆಯ ದಿನ ಅತ್ತಿಗುಪ್ಪೆಗೆ ಹೋದೆ. ಅಜ್ಜಿ ಇನ್ನೂ ಅಲ್ಲೇ ಬಂದು ಕೂರುತ್ತಾರೆ, ಈಗ ಕೈಯಲ್ಲೊಂದು ಕೋಲಿದೆ. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಗೇಟಿನಲ್ಲಿ ನಿಂತು ಆಡಿದ ಮಾತು, ಸುಮ್ಮನಿದ್ದ ಮೂರು ದಿನ, ಸಾಲಿನಲ್ಲಿ ತಲೆ ತಗ್ಗಿಸಿದ್ದು. ಮೇಲೆ ರೈಲು ಬಂದು ಹೋಯಿತು. ಶಬ್ದ ಅಡಗುವವರೆಗೆ ಅಜ್ಜಿ ಕಾದರು.

"ನನಗ್ ಹೇಳಿ ಏನಾಗ್ಬೇಕಪ್ಪ ಈಗ? ಅವತ್ತು ಅವಳು ಎದ್ದು ನಿಂತಾಗ ಹೇಳ್ಬೇಕಿತ್ತು."

ಆಮೇಲೆ ಚೀಲ ಸರಿಸಿ, ಬಿಸಿಲು ತಾಗದ ಹಾಗೆ ಇನ್ನಷ್ಟು ಒಳಗೆ ಕೂರಲು ನನಗೆ ಜಾಗ ಮಾಡಿಕೊಟ್ಟರು.