ಕೌದಿ ಚಾಚಿಯ ಅರ್ಧ ಎಕರೆ

ಆಕೆಯ ಬಲಗೈ ಹೆಬ್ಬೆರಳಿಗೆ ಗೆರೆಗಳೇ ಉಳಿದಿರಲಿಲ್ಲ. ಮೂವತ್ತು ವರ್ಷ ಕೌದಿಯ ಸೂಜಿ ದೂಡಿ ದೂಡಿ ತುದಿಯ ಚರ್ಮ ಸವೆದು ಹುಣಸೆ ಬೀಜದ ಹಾಗೆ ನುಣ್ಣಗಾಗಿತ್ತು. ಪ್ರತಿ ತಿಂಗಳು ಮನಿಯಾರ್ಡರ್ ಫಾರ್ಮಿನ ಮೇಲೆ ಒತ್ತಿಸಿಕೊಂಡರೆ ಒಂದು ಕಪ್ಪು ಮಚ್ಚೆ ಮಾತ್ರ ಮೂಡುತ್ತಿತ್ತು. ಒಮ್ಮೆ ತಪಾಸಣೆಗೆ ಬಂದ ಮೇಲಧಿಕಾರಿ, ಇದು ಹೆಬ್ಬೆಟ್ಟೋ ಮಸಿ ಚೆಲ್ಲಿದ್ದೋ ಎಂದು ಆಕೆಯೆದುರೇ ನನ್ನನ್ನು ಗದರಿದರು. ಚಾಚಿ ಹೆದರಲಿಲ್ಲ.

"ಸಾಹೇಬ್ರ, ನನ್ನ ಗೆರಿ ಎಲ್ಲಾ ಕೌದ್ಯಾಗ ಅದಾವ್ರಿ. ಬೇಕಾದ್ರ ತಂದ ತೋರಸ್ತೇನಿ" ಅಂದಳು.

ತೊಂಬತ್ತರ ದಶಕದ ಮಾತು. ಸುರೇಬಾನದ ಹತ್ತಿರದ ನಮ್ಮೂರಿನ ಅಂಚೆ ಕಚೇರಿ ನಮ್ಮ ಮನೆಯ ಪಡಸಾಲೆಯಲ್ಲೇ ಇತ್ತು. ನಾನು ಅದರ ಪೋಸ್ಟ್ ಮಾಸ್ತರಳಾದ ಹೊಸತು. ಚಾಚಿಯ ಗಂಡ ಯರಗಟ್ಟಿಯ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದವನು, ಹತ್ತಿ ತುಂಬಿದ ಅಂಡಿಗೆ ಮೈಮೇಲೆ ಉರುಳಿ ಸತ್ತಿದ್ದ. ಮಕ್ಕಳಿರಲಿಲ್ಲ. ವಿಧವಾ ವೇತನ, ಬಡವರ ಹಸಿರು ರೇಷನ್ ಕಾರ್ಡು, ಕೌದಿ ಹೊಲಿಗೆ, ಇಷ್ಟರ ಮೇಲೆ ಆಕೆಯ ಬದುಕು. ವೇತನಕ್ಕೆ ಆಕೆ "ಸರಕಾರದ ಪಗಾರ" ಅನ್ನುತ್ತಿದ್ದಳು.

ಹೊಲಿಯಲು ಹಳೆಯ ಸೀರೆ ಕೊಟ್ಟರೆ ಮೊದಲು, "ಇದನ್ನ ಉಟ್ಟಾಕಿ ಬದುಕ್ಯಾಳೋ ಹೋಗ್ಯಾಳೋ?" ಎಂದು ಕೇಳುವುದು ಆಕೆಯ ಪದ್ಧತಿ. ಸತ್ತವರ ಬಟ್ಟೆ ನಡುವಿನ ಪದರಕ್ಕೆ, ಬದುಕಿದ್ದವರದು ಮೇಲಕ್ಕೆ. "ಇಬ್ಬರಿಗೂ ಬೆಚ್ಚಗ ಆಗಬೇಕಲ್ರಿ" ಅನ್ನುತ್ತಿದ್ದಳು. ನಮ್ಮವ್ವ ತೀರಿಕೊಂಡಾಗ ಅವಳ ಸೀರೆಗಳನ್ನು ಆಕೆಗೇ ಕೊಟ್ಟಿದ್ದೆ.

ಹಾಗೆಯೇ ಒಬ್ಬ ವಿಧುರ ತನ್ನ ಹೆಂಡತಿಯ ಸೀರೆಗಳ ಗಂಟು ಹೊತ್ತು ಬಂದ. ಊರಾಚೆ ಕಾಲುವೆಗೆ ಹೊಂದಿಕೊಂಡ ನಾಲ್ಕು ಎಕರೆ ನೀರಾವರಿ ಹೊಲ, ಸ್ಲ್ಯಾಬಿನ ಮನೆ, ಮದುವೆಯಾದ ಇಬ್ಬರು ಗಂಡುಮಕ್ಕಳಿದ್ದವನು. ಆ ಸೀರೆಗಳು ಮೇಲೇ ಕಾಣಬೇಕೆಂದು ಆತ ಹಟ ಹಿಡಿದ, ಆಕೆ ಆಗುವುದಿಲ್ಲ ಅಂದಳು. ಈ ವಾದಕ್ಕೆಂದು ಆತ ದಿನಾ ಬಂದು ಆಕೆಯ ಕಟ್ಟೆಯ ಮೇಲೆ ಕೂರತೊಡಗಿದ. ಕೌದಿ ಮುಗಿಯುವ ಹೊತ್ತಿಗೆ ನಿಕಾದ ಮಾತು ಎತ್ತಿದ.

ಚಾಚಿ ಮೊದಲು ಬಂದದ್ದು ನನ್ನ ಹತ್ತಿರ.

"ಅಕ್ಕಾರ, ನಿಕಾ ಆದ್ರ ನನ್ನ ಪಗಾರ ನಿಲ್ಲತೈತೇನ್ರಿ?"

"ನಿಲ್ಲತೈತಿ ಚಾಚಿ. ಹಸಿರು ಕಾರ್ಡೂ ಹೋಗತೈತಿ. ಅವರದು ನಾಕ ಎಕರೆ ಹೊಲ ಐತಲ್ಲ."

"ಅಂವನ ಹೊಲ ನಂದ ಹೆಂಗ ಆಕ್ಕೈತ್ರಿ?"

"ಸರಕಾರದ ಲೆಕ್ಕದಾಗ ಹಂಗ. ಮನಿ ಒಂದ ಆತಂದ್ರ ಆಸ್ತಿನೂ ಒಂದ."

ಆಕೆ ಸೆರಗು ಬಾಯಿಗೆ ಹಿಡಿದು ನಕ್ಕಳು. "ಹಂಗಾದ್ರ ನಾನೂ ಸಾವಕಾರ್ತಿ ಆದ್ನಿ ಅನ್ನರಿ."

ನಿಕಾ ಆದ ಮುಂದಿನ ತಿಂಗಳು ಎಂದಿನಂತೆ ಮನಿಯಾರ್ಡರ್ ಬಂತು. ಸುಮ್ಮನೆ ತೆಗೆದುಕೋ, ಯಾರು ಕೇಳುತ್ತಾರೆ ಎಂದು ಓಣಿಯ ಹೆಂಗಸರು ಆಕೆಗೆ ಹೇಳಿದ್ದರಂತೆ. ಚಾಚಿ ಹಸಿರು ಬಳೆ ತೊಟ್ಟು ಬಂದು ನನ್ನ ಮೇಜಿನೆದುರು ನಿಂತಳು.

"ಇದು ಗಂಡ ಇಲ್ಲದಾಕಿ ರೊಕ್ಕ. ನಾ ಮುಟ್ಟಿದ್ರ ಅಂವಗ ಕೆಟ್ಟದ್ದ ಬಯಸಿದಂಗ ಆಗತೈತಿ. ವಾಪಸ್ ಕಳಸ್ರಿ."

'ಮರುಮದುವೆಯಾಗಿದ್ದಾರೆ' ಎಂದು ಫಾರ್ಮಿನ ಮೇಲೆ ಬರೆದೆ. ಅಂಥ ನಿಯತ್ತಿನ ಹೆಂಗಸನ್ನು ನಾನು ಆ ಮೊದಲು ಕಂಡಿರಲಿಲ್ಲ.

ಐದು ವರ್ಷ ಚೆನ್ನಾಗಿಯೇ ಕಳೆದವು. ಆಕೆ ಹೊಲಿಯುತ್ತ ಕೂತರೆ ಆತನೇ ಚಹಾ ಮಾಡಿ ತರುತ್ತಿದ್ದದ್ದನ್ನು ಓಣಿಯವರೆಲ್ಲ ಆಡಿಕೊಂಡು ನಗುತ್ತಿದ್ದರು. ಆರನೆಯ ವರ್ಷ ಆತ ಹೊಲದಲ್ಲಿ ನೀರು ಹಾಯಿಸುತ್ತಿದ್ದಾಗ ಎದೆ ಹಿಡಿದುಕೊಂಡು ಬಿದ್ದ. ಬೈಲಹೊಂಗಲದ ದವಾಖಾನೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ನಲವತ್ತನೆಯ ದಿನದ ಫಾತಿಹಾ ಮುಗಿಯುವವರೆಗೆ ಆತನ ಮಕ್ಕಳು ಸುಮ್ಮನಿದ್ದರು. ಆಮೇಲೆ ಆಕೆಯ ಹಾಸಿಗೆ ಪಡಸಾಲೆಯಿಂದ ದನದ ಕೊಟ್ಟಿಗೆಗೆ ಹೋಯಿತು. ಮಳೆಗಾಲ ಬರುವುದರೊಳಗೆ ಆಕೆ ಅಕ್ಕನ ಮಗಳ ಒಂದೇ ಕೋಣೆಯ ಮನೆ ಸೇರಿದ್ದಳು. ಕಣ್ಣಿಗೆ ಪೊರೆ ಬಂದು ಸೂಜಿಗೆ ದಾರ ಪೋಣಿಸುವುದೂ ಆಗುತ್ತಿರಲಿಲ್ಲ.

ವೇತನಕ್ಕೆ ಮತ್ತೆ ಅರ್ಜಿ ಬರೆದುಕೊಟ್ಟೆ. ಊರಿನ ಜಮೀನಿನ ಲೆಕ್ಕ ಇಡುವ ತಲಾಟಿ ಕೆಟ್ಟವರಲ್ಲ. ದಫ್ತರ ತೆರೆದು ನನಗೇ ತೋರಿಸಿದರು. "ಗಂಡನ ಹೆಸರಿಲೆ ನಾಕ ಎಕರೆ ನೀರಾವರಿ, ಪಕ್ಕಾ ಮನಿ. ಈಕಿ ವಾರಸದಾರಳು. ಆಸ್ತಿ ಇಲ್ಲ ಅಂತ ನಾ ಹೆಂಗ ಬರೀಲಿ, ನೀವ ಹೇಳ್ರಿ." ಮೇಲಾಗಿ ಗಂಡನ ಮರಣದ ದಾಖಲೆ ಬೇಕು. ಅದು ದೊಡ್ಡ ಮಗನ ಟ್ರಂಕಿನಲ್ಲಿತ್ತು.

ಎರಡು ವರ್ಷ ಚಾಚಿ ತಾಲೂಕು ಕಚೇರಿಗೆಂದು ರಾಮದುರ್ಗದ ಬಸ್ಸು ಹತ್ತಿ ಇಳಿದಳು. ಗಂಡನ ಮಕ್ಕಳು ಆಕೆಯನ್ನು ಹೊಲದೊಳಗೆ ಕಾಲಿಡಲು ಬಿಡುತ್ತಿರಲಿಲ್ಲ. ಅದೇ ಹೊಲ ಇದೆಯೆಂದು ಸರಕಾರ ಆಕೆಗೆ ಅಕ್ಕಿ ಕೊಡುತ್ತಿರಲಿಲ್ಲ.

ಕೊನೆಗೆ ದೊಡ್ಡ ಮಗನೇ ನನ್ನ ಹತ್ತಿರ ಬಂದ. ಕೈಯಲ್ಲಿ ಛಾಪಾ ಕಾಗದ ಇತ್ತು.

"ಹೊಲ ಮನ್ಯಾಗ ಏನೂ ಹಕ್ಕಿಲ್ಲ ಅಂತ ಚಿಕ್ಕವ್ವ ಹೆಬ್ಬಟ್ಟ ಒತ್ತಲಿ. ಡೆತ್ ಸರ್ಟಿಫಿಕೇಟ್ ಇವತ್ತ ಕೊಡತೇನಿ. ತಲಾಟಿಗೂ ಹೇಳತೇನಿ. ಆಕೀ ಪಗಾರ ಚಾಲೂ ಆಗತೈತಿ, ನಮಗೂ ಕಿರಿಕಿರಿ ತಪ್ಪತೈತಿ. ನೀವು ಓದಿ ಹೇಳಿದ್ರ ಆಕಿ ನಂಬತಾಳ್ರಿ."

ನನಗೆ ಅದು ಸರಿಯೆನಿಸಿತು. ದೇವರ ಮುಂದೆ ನಿಲ್ಲಿಸಿ ಕೇಳಿದರೂ ಇದನ್ನೇ ಹೇಳುತ್ತೇನೆ. ಎರಡು ವರ್ಷದ ಅಲೆದಾಟ ಒಂದು ಕಾಗದದಿಂದ ಮುಗಿಯುತ್ತದಲ್ಲ ಎಂದಷ್ಟೇ ಯೋಚಿಸಿದೆ. ಚಾಚಿಯನ್ನು ಕರೆಸಿ, ಕಾಗದವನ್ನು ಪೂರ್ತಿ ಓದಿದೆ.

"ಅಂದ್ರ ಏನ ಬರದಾರ್ರಿ?"

"ಹೊಲದಾಗ ನಿಮ್ಮದೇನೂ ಇಲ್ಲ ಅಂತ, ಚಾಚಿ."

ಆಕೆ ಪೊರೆಗಣ್ಣನ್ನು ನನ್ನ ಮುಖದ ಕಡೆ ತಿರುಗಿಸಿ ಕೇಳಿದಳು. "ಅದು ಖರೇನ ಐತಲ್ರಿ?"

"ಹೌದು ಚಾಚಿ" ಅಂದೆ.

ನನ್ನದೇ ಮಸಿಯ ಪ್ಯಾಡಿನಲ್ಲಿ ಹೆಬ್ಬೆರಳು ಅದ್ದಿ ಒತ್ತಿದಳು. ಕೆಳಗೆ ಸಾಕ್ಷಿ ಎಂದಿದ್ದಲ್ಲಿ ನಾನು ಸಹಿ ಮಾಡಿದೆ.

ನಾಲ್ಕು ತಿಂಗಳಲ್ಲಿ ವೇತನ ಮಂಜೂರಾಯಿತು. ಮೊದಲ ಸಲ ತೆಗೆದುಕೊಳ್ಳುವಾಗ, "ಈ ಸಲ ನಾ ಯಾರ ಹೇಣ್ತಿ ಅಂತ ಬರದಾರ್ರಿ?" ಎಂದು ಕೇಳಿದಳು. ಎರಡನೆಯವರ ಹೆಸರಿದೆ ಅಂದೆ. "ಮೊದಲನೇಂವ ಸಿಟ್ಟಾಗಂಗಿಲ್ಲ ಬಿಡ್ರಿ" ಎಂದು ತನ್ನಷ್ಟಕ್ಕೆ ನಕ್ಕು, ಗೋಡೆ ಹಿಡಿದುಕೊಂಡು ಹೋದಳು.

ಮರುವರ್ಷ ನಮ್ಮ ಮನೆಯ ಆಸ್ತಿ ಪಾಲಿನ, ವಾಟ್ನಿಯ ಕೆಲಸಕ್ಕೆ ರಾಮದುರ್ಗದ ವಕೀಲರೊಬ್ಬರ ಹತ್ತಿರ ಹೋಗಿದ್ದೆ. ಮಾತಿಗೆ ಮಾತು ಬಂದು ಚಾಚಿಯ ಕಥೆ ಹೇಳಿದೆ. ವಕೀಲರು ಪೆನ್ನು ಕೆಳಗಿಟ್ಟರು.

"ಆ ಹೆಣ್ಣಮಗಳು ಯಾಕ ಬಿಟ್ಟಳ್ರಿ? ಮಕ್ಕಳಿದ್ದರೂ ಅವರಲ್ಲಿ ಹೆಂಡತಿಗೆ ಎಂಟನೇ ಒಂದು ಪಾಲು ಬರತೈತಿ. ನಾಲ್ಕು ಎಕರೆಗೆ ಅರ್ಧ ಎಕರೆ. ಕಾಲುವೆ ನೀರಿನ ಅರ್ಧ ಎಕರೆ ಲಾವಣಿಗೆ ಹಾಕಿ, ಗುತ್ತಿಗೆ ರೊಕ್ಕದಾಗ ಕುಂತು ಉಣಬಹುದಾಗಿತ್ತು."

"ಈಗ ಆ ಕಾಗದ ರದ್ದು ಮಾಡಾಕ ಬರೂದಿಲ್ಲೇನ್ರಿ?"

"ಕಷ್ಟ. ಮೋಸ ಮಾಡಿ ಒತ್ತಿಸಿಕೊಂಡಾರ ಅನ್ನಾಕ ಬರೂದಿಲ್ಲ. ಯಾರೋ ತಿಳಿದಾಕಿ ಓದಿ ಹೇಳಿ, ಸಾಕ್ಷಿ ಹಾಕ್ಯಾಳ ಅಂದ್ರಲ್ಲ."

ಆ ತಿಳಿದಾಕೆ ಯಾರೆಂದು ನಾನು ಅವರಿಗೆ ಹೇಳಿರಲಿಲ್ಲ.

ಊರಿಗೆ ಬಂದು ಚಾಚಿಗೆ ಹೇಳಬೇಕೆಂದುಕೊಂಡೆ. ಹೇಳಿದರೆ ಆಕೆ ಜಗಳಕ್ಕಿಳಿಯಬಹುದು, ಇರುವ ವೇತನವೂ ಹೋಗಬಹುದು ಎಂದು ನನಗೆ ನಾನೇ ಕಾರಣ ಕೊಟ್ಟುಕೊಂಡೆ. ನಿಜ ಅದಲ್ಲ. ಆಕೆಯ ಮುಖ ನೋಡಲು ಹೆದರಿದ್ದೆ. ಮತ್ತೆ ಮೂರು ವರ್ಷ ಪ್ರತಿ ತಿಂಗಳೂ ಆಕೆಯ ಬೆರಳು ಹಿಡಿದು ಫಾರ್ಮಿನ ಮೇಲೆ ಒತ್ತಿಸಿದೆ. ಪ್ರತಿ ಸಲವೂ ಆಕೆ, "ಅಲ್ಲಾ ನಿಮ್ಮನ್ನ ಚಲೋ ಇಡಲಿ ಅಕ್ಕಾರ" ಅನ್ನುತ್ತಿದ್ದಳು. ನಡುಮಧ್ಯಾಹ್ನ ಪಡಸಾಲೆಯಲ್ಲಿ ಒಬ್ಬಳೇ ಕೂತಾಗ ಆ ಮಾತು ಈಗಲೂ ಕೇಳುತ್ತದೆ. ತಲೆ ಎತ್ತಿದರೆ ಬಾಗಿಲಲ್ಲಿ ಯಾರೂ ಇರುವುದಿಲ್ಲ.

ಆಕೆ ಹಾಸಿಗೆ ಹಿಡಿದಾಗ ನೋಡಲು ಹೋದೆ. ಹೇಳಿಯೇ ಬರುತ್ತೇನೆಂದು ಹೋಗಿದ್ದೆ. ನನ್ನ ದನಿ ಕೇಳಿ ಗುರುತು ಹಿಡಿದು, ಪಕ್ಕದಲ್ಲಿದ್ದ ಅಕ್ಕನ ಮಗಳಿಗೆ, "ಇವರು ಇರದಿದ್ರ ನಾ ಉಪಾಸ ಸಾಯತಿದ್ನಿ" ಅಂದಳು. ನನ್ನ ಕೈ ಹಿಡಿದುಕೊಂಡಳು.

ನಾನು ಆಕೆಯ ಸವೆದ ಹೆಬ್ಬೆರಳನ್ನು ಸವರುತ್ತ ಕೂತೆ.

"ಏನೋ ಹೇಳಾಕ ಬಂದೀರಿ, ಅಕ್ಕಾರ?"

"ಏನಿಲ್ಲ ಚಾಚಿ. ನೋಡಿ ಹೋಗೂಣು ಅಂತ ಬಂದೆ."

ಮೂರನೆಯ ದಿನ ತೀರಿಕೊಂಡಳು. ದೊಡ್ಡ ಮಗ ಜನಾಜಾಕ್ಕೆ ಹೆಗಲು ಕೊಟ್ಟು, ದಫನ ಮುಗಿಸಿ, ನೀರು ಹಾಯಿಸಲು ಹೊಲಕ್ಕೆ ಹೋದ.

ಆ ಹೊಲದಲ್ಲಿ ಈಗ ಕಬ್ಬು. ರಾಮದುರ್ಗದ ಬಸ್ಸು ಅದಕ್ಕೆ ಹತ್ತಿಕೊಂಡೇ ಹೋಗುತ್ತದೆ. ನಾನು ಹೊಲ ಕಾಣದ ಆಚೆ ಬದಿಯ ಕಿಟಕಿಯ ಹತ್ತಿರ ಕೂರುತ್ತೇನೆ.