ಆಷಾಢದಲ್ಲಿ ಕಂಪ್ಯೂಟರ್ ಮುಂದೆ

ಕಳೆದ ಭಾನುವಾರ ಸೊಪ್ಪು ಬಿಡಿಸುತ್ತ ಕೂತಿದ್ದೆ. ತಮ್ಮನ ಹೆಂಡತಿ ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿ, "ಅಕ್ಕ, ಕೈ ತೊಳ್ಕೊಂಡು ಬನ್ನಿ, ಹುಡುಗೀನ ನೋಡೋಣ" ಎಂದಳು. ಅವಳ ಮಗನಿಗೆ ಹೆಣ್ಣು ಹುಡುಕುತ್ತಿದ್ದೇವೆ. ನಾನು ಮದುವೆಯಾಗದೆ ಉಳಿದ ಸೋದರತ್ತೆ. ಇಂಥ ಕಡೆ ನನ್ನನ್ನು ಕೂರಿಸುವುದು ಮರ್ಯಾದೆಗೆ. ಕೂತೆ. ಮೊಬೈಲಿನ ಮೂಲೆಯ ಪುಟ್ಟ ಚೌಕದಲ್ಲಿ ನನ್ನ ಮುಖವೇ ಕಾಣಿಸಿತು. ಅದನ್ನು ಕಂಡರೆ ನನಗೆ ಈಗಲೂ ಸುಸ್ತಾಗುತ್ತದೆ.

ನೀವು ಇದೆಲ್ಲ ಈಚಿನದು ಅಂದುಕೊಂಡಿರಬಹುದು. ಗಂಡಿನ ಕಡೆಯವರು ನನ್ನನ್ನು ಕಂಪ್ಯೂಟರಿನಲ್ಲಿ ನೋಡಿ ಇಪ್ಪತ್ತು ವರ್ಷದ ಮೇಲಾಯಿತು. ಅದೂ ಸಮುದ್ರದ ಆಚೆಯಿಂದಲ್ಲ. ನಾವು ತಿ. ನರಸೀಪುರದಲ್ಲಿ, ಅವರು ನಂಜನಗೂಡಿನಲ್ಲಿ. ಬಸ್ಸು ಹತ್ತಿದರೆ ಒಂದು ಗಂಟೆಯ ದಾರಿ. ಆದರೆ ಅದು ಆಷಾಢ. ಆಷಾಢದಲ್ಲಿ ಹೆಣ್ಣಿನ ಮನೆಯ ಹೊಸಿಲು ತುಳಿಯಕೂಡದೆಂದು ಗಂಡಿನ ಅಜ್ಜಿಯ ಹಟ. ಗಂಡಿನ ಭಾವ ನಂಜನಗೂಡಿನಲ್ಲಿ ಹೊಸದಾಗಿ ಇಂಟರ್‌ನೆಟ್ ಅಂಗಡಿ ಇಟ್ಟಿದ್ದರು. ಕ್ಯಾಮೆರಾ ತಂದಿದ್ದರು, ಅದರ ಮುಂದೆ ಕೂರುವವರು ಮಾತ್ರ ಸಿಕ್ಕಿರಲಿಲ್ಲ. ಎರಡೂ ಕಡೆಯವರು ಅವರವರ ಊರಿನಲ್ಲೇ ಕಂಪ್ಯೂಟರ್ ಮುಂದೆ ಕೂತು ನೋಡಿಕೊಂಡರೆ ಯಾರೂ ಯಾರ ಮನೆಗೂ ಹೋದಂತಾಗದು ಎಂದು ಅಜ್ಜಿಯನ್ನು ಒಪ್ಪಿಸಿದರು. ಶಾಸ್ತ್ರವೂ ಉಳಿಯಿತು, ಕ್ಯಾಮೆರಾಕ್ಕೂ ಬೋಣಿಯಾಯಿತು.

ನನಗಾಗ ಇಪ್ಪತ್ತೊಂಬತ್ತು. ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಹಿಂದೆ ಬಂದವರೆಲ್ಲ ಉಪ್ಪಿಟ್ಟು, ಕೇಸರಿಬಾತು ತಿಂದು, "ಊರಿಗೆ ಹೋಗಿ ತಿಳಿಸ್ತೀವಿ" ಎಂದು ಹೋದವರೇ. ಎಷ್ಟು ಮಂದಿ ಎಂದು ಕೇಳಬೇಡಿ. ಕೇಸರಿಬಾತಿನ ವಾಸನೆ ಬಂದರೇ ಮೂಗು ಮುಚ್ಚಿಕೊಳ್ಳುವಷ್ಟು. ಇದೂ ತಪ್ಪಿದರೆ ಎರಡನೇ ಸಂಬಂಧವಾದರೂ ಸರಿ, ಹೆಂಡತಿ ಸತ್ತವರನ್ನೇ ನೋಡುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಈ ಸಲ ರವೆ ಹುರಿಯುವ ಕೆಲಸ ಇಲ್ಲವಲ್ಲ ಎಂಬುದೇ ನನ್ನ ಪಾಲಿನ ಸಂತೋಷ.

ಬಸ್ ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಕ್ಲಾಸಿಗೆ ಅಪ್ಪಾಜಿ ಚಪ್ಪಲಿಯನ್ನು ಆಚೆ ಬಿಟ್ಟು ಬಂದರು. ಅಲ್ಲಿಗೂ ಕಾಣಲಿ ಎಂದು ಅವ್ವ ನನ್ನ ಹಣೆಗೆ ವಿಭೂತಿಯನ್ನು ದಪ್ಪಗೆ ಎಳೆದು ಕಳಿಸಿದ್ದಳು. ಪರದೆಯ ಮೇಲೆ ನನ್ನ ಮುಖದಲ್ಲಿ ವಿಭೂತಿಯೊಂದೇ ಇತ್ತು. ಆ ಕಡೆಯವರ ಚಿತ್ರ ಬರುವುದು, ನಿಲ್ಲುವುದು, ಮತ್ತೆ ಚೂರುಚೂರಾಗಿ ಕದಲುವುದು. ಗಂಡಿನ ಹೆಸರು ಶಿವಸ್ವಾಮಿ, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಅವರ ಮೂಗೆಲ್ಲಿ ಮೀಸೆಯೆಲ್ಲಿ ಎಂದು ಗೊತ್ತಾಗಲಿಲ್ಲ. ಅಜ್ಜಿ, "ಎದ್ದು ನಾಕೆಜ್ಜೆ ನಡಿಯವ್ವ" ಎಂದರು. ನಡೆದೆ. ನಾಲ್ಕನೇ ಹೆಜ್ಜೆಗೆ ಗೋಡೆ ಸಿಕ್ಕಿತು. ಹಿಂದಿನಿಂದ, "ಎಲ್ಲೋದ್ಲು, ಕಾಣಾಕಿಲ್ವಲ್ಲ" ಎಂದು ಅಜ್ಜಿ ಕೇಳುತ್ತಿದ್ದರು.

ಹತ್ತು ನಿಮಿಷಕ್ಕೆ "ತಿಳಿಸ್ತೀವಿ" ಎಂಬ ಅದೇ ಮಾತು ಬಂತು, ಪರದೆ ಕಪ್ಪಾಯಿತು. ಆಮೇಲೆ ತಿಳಿದದ್ದು ಇಷ್ಟು: ಭಾವ ಕ್ಯಾಮೆರಾವನ್ನು ಕಿತ್ತು ಜೋಪಾನವಾಗಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು, ಅಷ್ಟೆ. ಮಾತು ಇನ್ನೂ ಹೋಗುತ್ತಲೇ ಇತ್ತು. ನಮಗೋ, ಚಿತ್ರ ಹೋದರೆ ಎಲ್ಲ ಮುಗಿದಂತೆ. ಕ್ಲಾಸಿನವರೂ ಕಾಫಿಗೆಂದು ಎದ್ದು ಹೋಗಿದ್ದರು.

ಅಪ್ಪಾಜಿ ಟವಲಿನಿಂದ ಮುಖ ಒರೆಸಿಕೊಂಡರು. "ಇವ್ರೂ ಒಪ್ಪದಿಲ್ಲ ಬುಡು. ನಂಗೂ ಸಾಕಾಯ್ತು ಕಣವ್ವ."

"ಯಾರಾದ್ರೂ ಸರಿ ಅಪ್ಪಾಜಿ, ಒಪ್ಕಂಡ್ಬುಡಿ" ಎಂದೆ. "ಎರಡನೇ ಸಂಬಂಧನೂ ಸರಿ. ಇನ್ನೊಂದ್ಸಲ ಇಂಗೆ ಕೂರಕ್ಕಾಗಲ್ಲ ನಂಗೆ."

ಕಪ್ಪು ಪರದೆಯ ಪಕ್ಕದ ಸ್ಪೀಕರಿನಿಂದ ಒಂದು ಗಂಡಸಿನ ದನಿ ಬಂತು. "ಸಾ, ನಂಗೆ ಕೇಳಿಸ್ತಾ ಅದೆ. ಮನೆಯೋರೆಲ್ಲ ಆಚೆ ಓದ್ರು, ನಾನೊಬ್ನೇ ಇವ್ನಿ. ಸುಮ್ನೆ ಕೂತು ಕೇಳಿಸ್ಕೊಳ್ಳೋದು ತಪ್ಪಲ್ವಾ, ಅದ್ಕೇ ಏಳ್ದೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅದೇ ದನಿ ಮುಂದುವರಿದು, "ಮೇಡಂ, ಯಾರಾದ್ರೂ ಸರಿ ಅಂತ ನನ್ನ ಒಪ್ಕಬೇಡಿ. ನಿಮ್ಗೆ ಬೇಕು ಅನ್ಸೋರು ಸಿಗ್ಲಿ. ನಾನೇ ಬ್ಯಾಡ ಅಂದೆ ಅಂತ ಮನೇಲಿ ಏಳ್ತೀನಿ" ಎಂದಿತು.

ಇದನ್ನು ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಬಂದು ಹೋದ ಅಷ್ಟು ಗಂಡುಗಳಲ್ಲಿ ನನಗೆ ಬೇಕು ಅನ್ನಿಸಿದ್ದು ಮುಖ ಕಾಣದ ಆ ಒಬ್ಬರೇ, ಅದೂ ಅವರು ಬೇಡ ಎಂದ ಗಳಿಗೆಯಲ್ಲಿ. ಬೇರೆಯವರಾಗಿದ್ದರೆ ಕಿವಿಗೊಟ್ಟು ಕೂತಿರುತ್ತಿದ್ದರು. ಮೈಕನ್ನು ಬಾಯಿ ಹತ್ತಿರ ಹಿಡಿದು, "ಯಾರಾದ್ರೂ ಅಲ್ಲ, ನೀವಾದ್ರೆ ನಂಗೆ ಒಪ್ಪಿಗೆ" ಎಂದೆ. ಅಷ್ಟರಲ್ಲಿ ಒಳಗಡೆ ಯಾರೋ ಫೋನೆತ್ತಿದರು. ಫೋನಿಗೂ ಇಂಟರ್‌ನೆಟ್ಟಿಗೂ ಆಗ ಒಂದೇ ಲೈನು, ಎತ್ತಿದರೆ ಕಡಿದುಹೋಗುತ್ತಿತ್ತು. ನನ್ನ ಮಾತು ನಂಜನಗೂಡು ಮುಟ್ಟಿತೋ ಇಲ್ಲವೋ, ಇವತ್ತಿಗೂ ತಿಳಿಯದು.

ಅಪ್ಪಾಜಿ ಕೇಳಿಸಿಕೊಂಡಿದ್ದರು. "ಆಷಾಡ ಕಳೀಲಿ, ಓಗಿ ಮಾತಾಡ್ತೀನಿ" ಎಂದರು. ನಂಜನಗೂಡಿನ ಬಸ್ಸು ಎದುರಿಗೇ ನಿಂತಿತ್ತು. ನಾನೇನು ಚಿಕ್ಕ ಮಗುವೇ? ಹತ್ತಬಹುದಿತ್ತು. ಹತ್ತಲಿಲ್ಲ, ಅಪ್ಪಾಜಿಯ ಹಿಂದೆ ಮನೆಗೆ ನಡೆದೆ. ಶ್ರಾವಣ ಬರುವಷ್ಟರಲ್ಲಿ ಶಿವಸ್ವಾಮಿಯವರಿಗೆ ನೆಂಟರಲ್ಲೇ ಹೆಣ್ಣು ಗೊತ್ತಾದ ಸುದ್ದಿ ಬಂತು. ಅಜ್ಜಿಯನ್ನು ಎಷ್ಟೋ ವರ್ಷ ಬೈದುಕೊಂಡೆ. ಆಷಾಢ ಆಚರಿಸಿದವಳು ನಾನೂ ಹೌದು. ಎರಡನೇ ಸಂಬಂಧಗಳು ಬಂದವು, ಒಂದಕ್ಕೂ ಒಪ್ಪಲಿಲ್ಲ. ಯಾರಾದರೂ ಸರಿ ಎಂಬ ಮಾತು ಆಮೇಲೆ ನನ್ನ ಬಾಯಿಗೆ ಬರಲಿಲ್ಲ.

ಮೊನ್ನೆ ಭಾನುವಾರವೂ ಎಲ್ಲ ಹಾಗೇ ನಡೆಯಿತು. ಓದು, ಅಡುಗೆ, ಹಾಡು ಎಲ್ಲ ಕೇಳಿಯಾಯಿತು. ತಮ್ಮನ ಮಗ ಕ್ರಾಪು ಸರಿಮಾಡಿಕೊಳ್ಳುತ್ತಿದ್ದ. ಇನ್ನೇನು "ತಿಳಿಸ್ತೀವಿ" ಬರಬೇಕು, ನಾನು ಮುಂದೆ ಬಗ್ಗಿ, "ಏನಮ್ಮ, ನಿನಗೆ ಇವನು ಇಷ್ಟ ಆದ್ನಾ?" ಎಂದು ಕೇಳಿಬಿಟ್ಟೆ. ಹುಡುಗಿಯ ಹಿಂದೆ ಅವಳಪ್ಪ ಕೆಮ್ಮಿದರು. ಅವಳು ನನ್ನನ್ನೇ ನೋಡುತ್ತ, "ಇಲ್ಲ ಆಂಟಿ" ಎಂದಳು.

ತಮ್ಮನ ಹೆಂಡತಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅವಳ ಸಿಟ್ಟಿನಲ್ಲಿ ತಪ್ಪಿಲ್ಲ. ಆದರೆ ಆ ಹುಡುಗಿ ಹೇಳಿದ್ದು ನಮ್ಮೆಲ್ಲರಿಗೂ ಕೇಳಿಸಿತು.