ಮುತ್ತು ಪೋಣಿಸುವ ಸೂಜಿ

ಮೊನ್ನೆ ಬೀದರಿನ ಒಂದು ಹಚ್ಚೆ ಅಂಗಡಿಯಲ್ಲಿ ಕೂತಿದ್ದೆ. ತಂಗಿಯ ಮಗಳಿಗೆ ಮದುವೆ ಗೊತ್ತಾದ ಹುಡುಗನ ಹೆಸರನ್ನು ಮುಂಗೈ ಮೇಲೆ ಬರೆಸಿಕೊಳ್ಳುವ ಹುಚ್ಚು. ಮೈಲೂರಿನ ಮನೆಯಿಂದ ನನ್ನನ್ನೂ ಎಳೆದುಕೊಂಡು ಬಂದಿದ್ದಳು. ಅಂಗಡಿಯವನು ಕೈಗವಸು ಹಾಕಿಕೊಂಡು ಸೂಜಿಯ ಪೊಟ್ಟಣಗಳನ್ನು ಮೇಜಿನ ಮೇಲೆ ಹರಡಿದ. ಗೆರೆ ಎಳೆಯಲು ಇದು, ಒಳಗೆ ತುಂಬಲು ಅದು ಎಂದು ತೋರಿಸುತ್ತ, "ಸೂಜಿ ಹೆಚ್ಚು ಇಳದ್ರ ಬಣ್ಣ ಹರಡತದರಿ. ಕಡಿಮಿ ಇಳದ್ರ ತಿಂಗಳದಾಗ ಅಳಿಸಿ ಹೋಗ್ತದ" ಎಂದ. ನನ್ನ ಕೈ ತಾನಾಗಿಯೇ ಎಡಗೆನ್ನೆಗೆ ಹೋಯಿತು.

ಭಾಲ್ಕಿಯಲ್ಲಿ ನನ್ನ ಗಂಡನ ಮನೆಗೂ ಪಕ್ಕದ ಮನೆಗೂ ಒಂದೇ ಗೋಡೆ. ಅಲ್ಲೊಬ್ಬ ಮುದುಕಿ ಇದ್ದಳು. ಓಣಿಗೆಲ್ಲ ಅವಳು ಹಚ್ಚಿ ಆಯಿ. ಸುತ್ತಲಿನ ಊರುಗಳ ಎಷ್ಟೋ ಹೆಂಗಸರ ಹಣೆಬೊಟ್ಟು, ಮುಂಗೈಯ ತುಳಸಿಕಟ್ಟೆ ಅವಳ ಕೈಯಿಂದಲೇ ಆದವು. ದೀಪದ ಕಾಡಿಗೆಗೆ ಗರಗದ ಸೊಪ್ಪಿನ ರಸ ಹಿಂಡಿ ಕಲಸುತ್ತಿದ್ದಳು. ಆ ಕಹಿ ಹಸಿರು ವಾಸನೆ ಗೋಡೆ ದಾಟಿ ನಮ್ಮ ಒಲೆಯ ತನಕ ಬರುತ್ತಿತ್ತು. ಗಂಡ ಮನೆಯಲ್ಲಿಲ್ಲದಾಗ ನಾನು ಹೋಗಿ ಅವಳ ಸೂಜಿಗಳಿಗೆ ದಾರ ಸುತ್ತಿಕೊಡುತ್ತಿದ್ದೆ. ಮೂರು ಸೂಜಿ ಸೇರಿಸಿ ದಾರದಿಂದ ಬಿಗಿಯಬೇಕು. ದಾರದ ಕೆಳಗೆ ಬರಿದಾಗಿ ಉಳಿದ ತುದಿಯಷ್ಟೇ ಚರ್ಮದೊಳಗೆ ಇಳಿಯುವುದು. "ದಾರ ಸ್ವಲ್ಪ ಮ್ಯಾಲ ನಿಲ್ಲಸು, ಹಚ್ಚಿ ಮಣ್ಣಿಗಿ ಹೋಗೋತನಕ ಇರ್ತದ. ತುದಿಗಿ ಬಂತಂದ್ರ ಹಕ್ಕಳಿ ಜೊತಿ ಉದುರ್ತದ, ಮಂದಿ ಬಂದು ನನಗ ಬೈತಾರ" ಎನ್ನುತ್ತಿದ್ದಳು. ನಾನು ಸುತ್ತಿದ್ದನ್ನು ಹತ್ತು ಸಲ ಬಿಚ್ಚಿಸಿದ್ದಾಳೆ, ಹಾಳು ಮುದುಕಿ.

ಗಂಡ ಹೊಡೆಯುತ್ತಿದ್ದ ಎಂದು ಬರೆದರೆ ಏನೂ ಬರೆದಂತಾಗುವುದಿಲ್ಲ. ಟ್ರ್ಯಾಕ್ಟರಿನ ಹಳೆಯ ಬೆಲ್ಟಿನಿಂದ ಹೊಡೆಯುತ್ತಿದ್ದ. ಎರಡು ಹಲ್ಲು ಹೋದವು. ಐದು ತಿಂಗಳ ಬಸಿರು ಹೋಯಿತು... ಅದಾದ ವಾರಕ್ಕೆ ನಾನು ಔರಾದಿನ ತವರಿಗೆ ಓಡಿದೆ. ಮೂರನೆಯ ದಿನ ಅವನು ಬಂದು ಜಡೆ ಹಿಡಿದು ಬಸ್ ಸ್ಟ್ಯಾಂಡಿನ ತನಕ ಎಳೆದುಕೊಂಡು ಹೋದ. ನನ್ನವರು ಬಾಗಿಲಲ್ಲಿ ನಿಂತು ನೋಡಿದರು. ಬಾಯಿ ಸತ್ತ ಜನ.

ಮರುದಿನ ಬೆಳಿಗ್ಗೆ ಆಯಿಯನ್ನು ಕರೆಸಿದ. "ಇಕಿ ಗಲ್ಲದ ಮ್ಯಾಲ ನನ್ನ ಹೆಸರು ಚುಚ್ಚು. ಮತ್ತ ಎಲ್ಲಿಗಾರ ಓಡಿದ್ರ ಗುರ್ತು ಇರ್ಬೇಕು, ನೋಡಿದಾವ್ರು ತಂದು ಬಿಡ್ಬೇಕು" ಎಂದ. ಪೆನ್ನು ತೆಗೆದುಕೊಂಡು ತಾನೇ ನನ್ನ ಕೆನ್ನೆಯ ಮೇಲೆ ಮೂರಕ್ಷರ ಬರೆದ. ಆ ಅಕ್ಷರ ನಾನಿಲ್ಲಿ ಬರೆಯುವುದಿಲ್ಲ.

ಆಯಿ ಎದ್ದಳು. ಮನೆಗೆ ಹೋಗಿ ಡಬ್ಬಿ ತಂದಳು. ಅತ್ತೆ ನನ್ನ ತಲೆಯನ್ನು ಎರಡು ಮೊಣಕಾಲಿನ ನಡುವೆ ಇಟ್ಟುಕೊಂಡು ಒತ್ತಿದಳು, ಅವನು ಎದೆಯ ಮೇಲೆ ಕೂತ. ಆಯಿ ಬೇಡ ಎನ್ನುತ್ತಾಳೆ ಎಂದು ನಾನು ಕೊನೆಯ ಗಳಿಗೆಯವರೆಗೂ ನಂಬಿದ್ದೆ. ಅವಳು ಚುಚ್ಚತೊಡಗಿದಳು. ನಾನು ಕಣ್ಣು ಬಿಗಿಯಾಗಿ ಮುಚ್ಚಿದೆ. ಮೊದಮೊದಲು ಇರುವೆ ಕಚ್ಚಿದಷ್ಟೇ ನೋವು. ಸ್ವಲ್ಪ ಹೊತ್ತಿಗೆ ಅವನು, "ರಕ್ತಾನೇ ಬರವಲ್ದಲ್ಲ, ಸರಿ ಚುಚ್ಚು ಮುದುಕಿ" ಎಂದು ಗದರಿದ. ಆಗ ಬಿತ್ತು ನೋಡಿ, ಕೌದಿ ಹೊಲೆಯುವ ದಪ್ಪ ಸೂಜಿ. ಒಂದೊಂದು ಚುಚ್ಚಿಗೂ ದವಡೆಯ ಎಲುಬಿಗೆ ತಾಗಿದಂತಾಯಿತು. ರಕ್ತ ಕಿವಿಯೊಳಗೆ ಹರಿಯಿತು, ಬಾಯಿಗೆ ಬಂತು. ಅವನು ನಕ್ಕ. ಎಲ್ಲ ಮುಗಿದು ಅರಿಶಿನ ಹಚ್ಚಲು ಅವಳು ಬಾಗಿದಾಗ ಬಾಯಲ್ಲಿದ್ದ ರಕ್ತವನ್ನೆಲ್ಲ ಅವಳ ಮುಖಕ್ಕೆ ಉಗುಳಿದೆ. "ನಿನ್ನ ಕೈ ಸೆಟದು ಹೋಗ್ಲಿ" ಎಂದೆ. ಅವಳು ಸೆರಗಿನಿಂದ ಒರೆಸಿಕೊಂಡು ಎದ್ದು ಹೋದಳು.

ಆಮೇಲೆ ಅವಳ ಮನೆಯ ಕಡೆ ತಿರುಗಿಯೂ ನೋಡಲಿಲ್ಲ. ಕನ್ನಡಿಯನ್ನೂ ನೋಡಲಿಲ್ಲ. ಬೀದರಿಗೆ ಹೋದರೆ ಆಸ್ಪತ್ರೆಯಲ್ಲಿ ಆಯಾ ಕೆಲಸ ಸಿಗುತ್ತದೆ ಎಂದು ಯಾರೋ ಹೇಳಿದ್ದರು. ಅವನ ಹೆಸರು ಹೊತ್ತ ಈ ಮುಖಕ್ಕೆ ಯಾರು ಕೆಲಸ ಕೊಡುತ್ತಾರೆ? ಎರಡು ದಿನದಲ್ಲಿ ಹಿಡಿದು ತಂದು ಒಪ್ಪಿಸುತ್ತಾರೆ. ಅಷ್ಟರಲ್ಲಿ ಹಕ್ಕಳೆ ಕಟ್ಟಿತು, ತುರಿಸಿತು. ಒಂದು ಬೆಳಿಗ್ಗೆ ಮುಖ ತೊಳೆಯುವಾಗ ಪೂರ್ತಿ ಕಳಚಿ ಅಂಗೈಗೆ ಬಂತು. ಕಪ್ಪೆಲ್ಲ ಅದರಲ್ಲೇ ಇತ್ತು. ಓಡಿಹೋಗಿ ಕನ್ನಡಿ ನೋಡಿದೆ. ಗುಲಾಬಿ ಚರ್ಮ... ಅಕ್ಷರವೇ ಇಲ್ಲ.

ಆಗ ತಿಳಿಯಿತು. ಮೊದಲು ರಕ್ತ ಬಾರದಂತೆ ಚುಚ್ಚಲು ಅವಳು ಮುತ್ತು ಪೋಣಿಸುವ ಸೂಜಿ ತಂದಿದ್ದಳು, ಕೂದಲಿನಷ್ಟು ತೆಳ್ಳಗಿನದು. ದಾರವನ್ನು ತುದಿಯ ತನಕ ಸುತ್ತಿಕೊಂಡು ಬಂದಿದ್ದಳು. ಕಾಡಿಗೆ ಮುಟ್ಟಿದ್ದು ಅದೊಂದೇ. ಕೌದಿ ಸೂಜಿಯಿಂದ ಚುಚ್ಚಿದ್ದು ಒಣ ಚುಚ್ಚು, ಅವನಿಗೆ ರಕ್ತ ತೋರಿಸಲಿಕ್ಕೆ. ಹತ್ತು ಸಲ ದಾರ ಬಿಚ್ಚಿಸಿ ಕಲಿಸಿದ್ದ ಪಾಠ ನನ್ನ ಮುಖದ ಮೇಲೆಯೇ ನಡೆದರೂ ನನಗೆ ಗೊತ್ತಾಗಲಿಲ್ಲ. ಉಗುಳಿದ್ದೆನಲ್ಲ ಎಂದು ನೆನೆದು ಬಚ್ಚಲಲ್ಲಿ ಕೂತು ಅತ್ತುಬಿಟ್ಟೆ.

ಅವಳ ಬಳಿ ಹೋಗುವಷ್ಟರಲ್ಲಿ ಅವನೇ ನೋಡಿಬಿಟ್ಟ. ನನ್ನ ಕೆನ್ನೆಗೆ ಉಗುರು ಹಾಕಿ ಕೆರೆದು ನೋಡಿದ. ಮೂಲೆಯಲ್ಲಿದ್ದ ಹಾರೆ ಎತ್ತಿಕೊಂಡು ಪಕ್ಕದ ಮನೆಗೆ ನುಗ್ಗಿದ. ಅತ್ತೆ ಅವನ ಹಿಂದೆ ಓಡಿದಳು. ಗೋಡೆಯ ಆಚೆಯಿಂದ ಎಲ್ಲವೂ ಕೇಳಿಸಿತು.

"ನನ್ನ ಹೆಸರು ಎಲ್ಲಿ ಹೋತು?"

"ನಿನ್ನ ಹೆಸರಿಗಿ ಆಕಿ ಚರ್ಮ ಒಪ್ಪಲಿಲ್ಲಪ್ಪ, ನಾ ಏನ್ ಮಾಡ್ಲಿ?"

ಹಾರೆ ಬಿದ್ದ ಸಪ್ಪಳ ಕೇಳಿತು. ಅವಳ ಬಲಗೈಯನ್ನು ರುಬ್ಬುವ ಕಲ್ಲಿನ ಮೇಲೆ ಇಟ್ಟು ಹೊಡೆದನಂತೆ. ಅವಳು ಕಿರುಚಿದಳು. ಕಿರುಚಿದ ಮೇಲೆ ಸುಮ್ಮನಾದಳೇ? ಇಲ್ಲ. "ಇನ್ನೂ ಎರಡು ಬೆರಳು ಉಳದಾವ, ಗಂಡಸಾದ್ರ ಅವನ್ನೂ ಮುರಿ" ಎಂದು ಅವನ ತಾಯಿಯಿಂದ ಹಿಡಿದು ಬೈಯತೊಡಗಿದಳು. ಅವನು ಮತ್ತೆ ಹೊಡೆದ. ಅವಳು ಮತ್ತೆ ಬೈದಳು. ನೋವಿಗೆ ಬೈದಳೋ, ಅವನನ್ನು ಅಲ್ಲೇ ನಿಲ್ಲಿಸಲಿಕ್ಕೆ ಬೈದಳೋ... ನನಗೆ ಇವತ್ತಿಗೂ ತಿಳಿಯದು. ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ, ಬಾಗಿಲು ತೆರೆದಿತ್ತು. ನಾನು ಸೆರಗು ಹೊದ್ದುಕೊಂಡು ಹೊರಬಿದ್ದೆ. ಓಣಿಯ ಜನ ಅವಳ ಮನೆಯತ್ತ ಓಡುತ್ತಿದ್ದರು. ನಾನೊಬ್ಬಳೇ ಬಸ್ ಸ್ಟ್ಯಾಂಡಿನ ಕಡೆ ನಡೆದೆ. ತಿರುವಿನ ತನಕ ಅವಳ ಬೈಗುಳ ಕೇಳಿಸುತ್ತಿತ್ತು.

ಬೀದರಿನಲ್ಲಿ ಕೆಲಸ ಸಿಕ್ಕಿತು. ಮುಖ ನೋಡಿ ಯಾರೂ ಏನೂ ಕೇಳಲಿಲ್ಲ. ಅವಳ ಬೆರಳು ಮತ್ತೆ ಮಡಚಲಿಲ್ಲ, ಸೂಜಿ ಹಿಡಿಯಲಿಲ್ಲ ಎಂದು ಭಾಲ್ಕಿಯಿಂದ ಬಂದ ರೋಗಿಯೊಬ್ಬಳು ಹೇಳಿದಳು. ಬಸ್ಸಿಗೆ ಒಂದು ಗಂಟೆಯ ದಾರಿ, ನಾನು ಹೋಗಲಿಲ್ಲ. ಮೊದಲು ಗಂಡನ ಹೆದರಿಕೆ, ಅವನು ಸತ್ತ ಮೇಲೆ ನಾಚಿಕೆ. ಆಮೇಲೆ ಅವಳೂ ಸತ್ತ ಸುದ್ದಿ ಬಂತು.

ಅಂಗಡಿಯವನು ಒಂದು ಪೊಟ್ಟಣ ಆರಿಸಿ ಹರಿಯಲು ಹೋದ. "ಸ್ವಲ್ಪ ತಡೀರಿ" ಎಂದೆ. ಹುಡುಗಿ ನನ್ನತ್ತ ತಿರುಗಿ, "ಯಾಕ ದೊಡ್ಡವ್ವ? ನಿಮ್ ಕಾಲದಾಗ ಎಲ್ಲಾರೂ ಹಾಕ್ಸಕೋತಿದ್ರಲ್ಲ, ನಿಮಗ ಯಾಕ ಒಂದೂ ಹಚ್ಚಿ ಇಲ್ಲ?" ಎಂದಳು. ಅವಳ ಬೆರಳು ಹಿಡಿದು ನನ್ನ ಕೆನ್ನೆಯ ಮೇಲಿಟ್ಟು ಮೆಲ್ಲಗೆ ಒತ್ತಿದೆ. ಕೌದಿ ಸೂಜಿ ಇಳಿದ ಕುಳಿಗಳು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುತ್ತವೆ.

"ಏನಿದು, ದೊಡ್ಡವ್ವ? ಯಾರು ಚುಚ್ಯಾರ?"

"ನನ್ನ ಬಿಡಿಸಿದಾಕಿ" ಎಂದೆ. "ಆಕಿ ಕೈ ಮುರೀಲಕತ್ತಿದ್ದಾಗ ನಾ ಬಸ್ ಹತ್ತಲಕ್ಕ ಹೋಗಿದ್ದೆ."